ಅರ್ಧ ಇಂಚಿನ ಮಡಿ

ನಮ್ಮಕ್ಕನ ಮನೆ ಇರುವುದು ಜೆ.ಪಿ. ನಗರ ಎರಡನೇ ಫೇಸಿನಲ್ಲಿ. ಆ ಮನೆಯಲ್ಲಿ ಮಡಿಗೆ ಸಂವಿಧಾನಕ್ಕಿಂತ ಹೆಚ್ಚು ಗೌರವ, ಸಂವಿಧಾನಕ್ಕಿಂತ ಕಡಿಮೆ ತಿದ್ದುಪಡಿ. ಅಕ್ಕನ ಅತ್ತೆಗೆ ಎಂಬತ್ತನಾಲ್ಕು. ಅವರ ಮಡಿಸೀರೆ ಒಣಗುವ ಗಳು ಸೂರಿಗೆ ತಾಗಿದಂತಿದೆ. ಕೋಲಿನಿಂದಲೇ ಹರವಬೇಕು, ಕೋಲಿನಿಂದಲೇ ಇಳಿಸಬೇಕು. ಹಾಲಿನ ಪ್ಯಾಕೆಟ್ಟು ನಲ್ಲಿಯ ಕೆಳಗೆ ಸ್ನಾನ ಮುಗಿಸಿಯೇ ಒಳಗೆ ಬರುತ್ತದೆ. ಕೊರಿಯರ್ ಹುಡುಗ ಗೇಟಿನಾಚೆ, ಸಿಲಿಂಡರಿನವನು ಹಿತ್ತಿಲ ಬಾಗಿಲಲ್ಲಿ, ಹದಿನಾಲ್ಕು ವರ್ಷದಿಂದ ಪಾತ್ರೆ ತೊಳೆಯುವ ಹೆಣ್ಣುಮಗಳು ಅಡುಗೆಮನೆಯ ಹೊಸ್ತಿಲಲ್ಲಿ. ಯಾರ ಗಡಿ ಎಲ್ಲಿ ಎಂದು ಯಾರಿಗೂ ಹೇಳಿಕೊಡಬೇಕಿಲ್ಲ.

ಇವೆಲ್ಲಕ್ಕಿಂತ ಬಿಗಿಯಾದ ಗಡಿ ಉಪ್ಪಿನಕಾಯಿ ಭರಣಿಯದು. 1998ರಲ್ಲಿ ಭಾವನ ತಮ್ಮ ಆ ಭರಣಿಗೆ ಒದ್ದೆ ಸೌಟು ಹಾಕಿಬಿಟ್ಟ. ವರ್ಷದ ಮಿಡಿಯೆಲ್ಲ ಬೂಷ್ಟು ಹಿಡಿಯಿತು. ಆತ ಈಗ ಅಮೆರಿಕದಲ್ಲಿದ್ದಾನೆ. ಆ ಅವಮಾನಕ್ಕೇ ದೇಶ ಬಿಟ್ಟ ಎಂದು ಅತ್ತೆ ಇಂದಿಗೂ ನಂಬಿದ್ದಾರೆ.

ಇಂಥ ಮನೆಗೆ 2023ರ ದೀಪಾವಳಿ ಮುಗಿದ ವಾರ ಭಾವ ಹೊಟ್ಟೆಯಿಂದ ಒಂದು ಟ್ಯೂಬು ಇಳಿಬಿಟ್ಟುಕೊಂಡು ಬಂದರು.

ಭಾವ ನಿವೃತ್ತ ಬ್ಯಾಂಕ್ ಅಧಿಕಾರಿ. ಇಪ್ಪತ್ತೆರಡು ವರ್ಷ ಸಾಕಿದ ಸಕ್ಕರೆ ಕಾಯಿಲೆ ಕೊನೆಗೆ ಎರಡೂ ಕಿಡ್ನಿಯನ್ನು ಜಪ್ತಿ ಮಾಡಿತು. ಡಾಕ್ಟರು ಎರಡು ದಾರಿ ಹೇಳಿದರು. ಒಂದು, ವಾರಕ್ಕೆ ಮೂರು ಸಲ ಆಸ್ಪತ್ರೆಯ ಯಂತ್ರಕ್ಕೆ ರಕ್ತ ಕೊಟ್ಟು ತೊಳೆಸಿಕೊಳ್ಳುವುದು. ಸಲಕ್ಕೆ ನಾಲ್ಕು ಗಂಟೆ ಯಂತ್ರದಲ್ಲಿ, ಮಿಕ್ಕಿದ್ದು ಬನ್ನೇರುಘಟ್ಟ ರಸ್ತೆಯಲ್ಲಿ. ಇನ್ನೊಂದು ಪೆರಿಟೋನಿಯಲ್ ಡಯಾಲಿಸಿಸ್. ಆಸ್ಪತ್ರೆಯವರು ಪಿ.ಡಿ. ಅನ್ನುತ್ತಾರೆ, ಮನೆಯವರು ‘ಬ್ಯಾಗ್ ಹಾಕೋದು’ ಅನ್ನುತ್ತಾರೆ. ಕರುಳನ್ನು ಸುತ್ತಿರುವ ತೆಳು ಪೊರೆಯೇ ಇಲ್ಲಿ ಜರಡಿ. ಎರಡು ಲೀಟರ್ ದ್ರವವನ್ನು ಟ್ಯೂಬಿನ ಮೂಲಕ ಹೊಟ್ಟೆಗೆ ಬಿಡು, ನಾಲ್ಕಾರು ಗಂಟೆ ಒಳಗಿರಲಿ, ಕಸರು ಎಳೆದುಕೊಂಡ ನೀರನ್ನು ಹೊರಗೆ ಬಿಡು, ಹೊಸ ಚೀಲ ಹಾಕು. ದಿನಕ್ಕೆ ಮೂರು ನಾಲ್ಕು ಬಾರಿ, ವಾರದ ರಜೆ ಇಲ್ಲ.

ಭಾವನಿಗೆ ಇದು ಹಿಡಿಸಿತು. ಹಾಕಿದ್ದೆಷ್ಟು, ಬಂದದ್ದೆಷ್ಟು ಎಂದು ಪುಸ್ತಕದಲ್ಲಿ ಬರೆದಿಡಬೇಕಲ್ಲ. ಠೇವಣಿ ಎರಡು ಲೀಟರ್, ಹಿಂಪಡೆದದ್ದು ಎರಡೂಕಾಲು. “ನೋಡು, ನಾನು ಸರ್ವೀಸಲ್ಲಿದ್ದಾಗ ಯಾವ ಸ್ಕೀಮೂ ಆರು ಗಂಟೆಗೆ ಇಷ್ಟು ಬಡ್ಡಿ ಕೊಟ್ಟಿಲ್ಲ,” ಎಂದರು. ಹಾಕಿದ್ದು ವಾಪಸು ಬರುವುದೇ ದೊಡ್ಡ ಮಾತು. ಬೇಕಾದರೆ 2020ರ ಜನವರಿಯಲ್ಲಿ ಬಸವನಗುಡಿಯ ಸಹಕಾರಿ ಬ್ಯಾಂಕೊಂದರ ಮುಂದೆ ಸಾಲುಗಟ್ಟಿದ್ದ ಠೇವಣಿದಾರರನ್ನು ಕೇಳಿ.

ಟ್ಯೂಬಿನ ಸುದ್ದಿ ಹರಡಿದ್ದೇ ಬೀದಿಯವರು ಬಂದರು. “ಡಯಾಲಿಸಿಸ್ಸಾ? ಅಯ್ಯೋ ಪಾಪ, ಮುಗೀತು ಬಿಡಿ,” ಎಂದು ಕಾಫಿ ಕುಡಿದರು. ಜೆ.ಪಿ. ಎಂದರೆ ಯಾರು ಎಂದು ಇವರನ್ನು ಕೇಳಿ ನೋಡಿ. ಚದರಡಿಗೆ ಎಷ್ಟು ಎಂದು ಹೇಳುತ್ತಾರೆ. ಆ ಜೆ.ಪಿ. ಜಯಪ್ರಕಾಶ ನಾರಾಯಣ. 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿಯ ಬಂಧನ, ಚಂಡೀಗಢದಲ್ಲಿ ಕಾವಲು. ನವೆಂಬರಿನಲ್ಲಿ ಹೊರಬಂದಾಗ ಕಿಡ್ನಿ ಕೈಕೊಟ್ಟಿತ್ತು. ಆ ಮನುಷ್ಯ ಡಯಾಲಿಸಿಸ್ ಮೇಲೆಯೇ ಚುನಾವಣೆಗೆ ಜನರನ್ನು ಒಗ್ಗೂಡಿಸಿ, 1977ರಲ್ಲಿ ಸರ್ಕಾರ ಬದಲಾದದ್ದನ್ನು ಕಂಡು, 1979ರ ಅಕ್ಟೋಬರ್ 8ರವರೆಗೆ ಬದುಕಿದರು. ದೆಹಲಿಯ ಸರ್ಕಾರವನ್ನು ಇಳಿಸುವುದಕ್ಕೆ ಅಡ್ಡಿಯಾಗದ ಡಯಾಲಿಸಿಸ್ಸು, ಅವರದೇ ಹೆಸರಿನ ಬಡಾವಣೆಯಲ್ಲಿ ಸತ್ಯನಾರಾಯಣ ಪೂಜೆಗೆ ಕರೆಯದಿರಲು ಕಾರಣವಾಗುತ್ತದೆ. “ಸೋಂಕು ಗೀಂಕು ಇರುತ್ತೆ, ಮಕ್ಕಳಿರೋ ಮನೆ,” ಎಂದರು ಪಕ್ಕದ ಮನೆಯವರು.

ಸೋಂಕು ಇರುತ್ತದೆ ನಿಜ. ಆದರೆ ಅದು ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತದೆ ಎಂಬುದು ದಕ್ಷಿಣ ಬೆಂಗಳೂರಿನ ಒನ್ ವೇ ಬೋರ್ಡಿನ ಹಾಗೆ: ಎಲ್ಲರೂ ನೋಡುತ್ತಾರೆ, ಎಲ್ಲರೂ ಉಲ್ಟಾ ನುಗ್ಗುತ್ತಾರೆ.

ಭಾವನ ಹೊಟ್ಟೆಯೊಳಗಿನ ದ್ರವದಲ್ಲಿ ಇರುವುದು ಸಕ್ಕರೆ. ನೀರನ್ನು ಎಳೆಯಲು ಅದು ಬೇಕು. ಬಾಯಿಗೆ ಒಂದು ಚಿರೋಟಿ ಕೊಡದ ವೈದ್ಯಶಾಸ್ತ್ರ ಹೊಟ್ಟೆಗೆ ಲೀಟರ್‌ಗಟ್ಟಲೆ ಸಿಹಿನೀರು ಬಿಡುತ್ತದೆ. ಸಿಹಿನೀರು, ಮೈಯ ಬಿಸಿ, ಕತ್ತಲು. ಒಂದು ಬ್ಯಾಕ್ಟೀರಿಯಾದ ಕಣ್ಣಲ್ಲಿ ನೋಡಿ: ಬಿ.ಟಿ.ಎಂ. ಲೇಔಟಿನ ಪಿ.ಜಿ.ಗಿಂತ ಸಾವಿರ ಪಾಲು ಮೇಲು. ಮೂರು ಹೊತ್ತು ಊಟ, ಇಪ್ಪತ್ನಾಲ್ಕು ಗಂಟೆ ಬಿಸಿನೀರು, ಅಡ್ವಾನ್ಸ್ ಇಲ್ಲ. ಒಳಗೆ ಹೋಗಲು ಬೇಕಾದದ್ದು ಒಂದೇ ಒಂದು ಬಾಗಿಲು. ಆ ಬಾಗಿಲು ಟ್ಯೂಬಿನ ತುದಿ. ಅರ್ಧ ಇಂಚೂ ಇರಲಿಕ್ಕಿಲ್ಲ. ಒಬ್ಬ ಒಳಗೆ ನುಗ್ಗಿದರೆ ಸಾಕು, ಬಾಡಿಗೆ ಕೊಡದೆ ಸಂಸಾರ ಹೂಡುತ್ತಾನೆ. ಅದಕ್ಕೆ ಪೆರಿಟೊನೈಟಿಸ್ ಎಂದು ಹೆಸರು. ಹೊಟ್ಟೆನೋವು, ಜ್ವರ, ಆಸ್ಪತ್ರೆ. ಪದೇ ಪದೇ ಬಂದರೆ ಪೊರೆಯೇ ಹಾಳು. ಕೆಲವರಿಗೆ ಪ್ರಾಣಕ್ಕೇ ಸಂಚಕಾರ.

ಆ ಅರ್ಧ ಇಂಚನ್ನು ಕಾಯಲು ಮಹಡಿ ಮೇಲಿನ ಚಿಕ್ಕ ರೂಮು ‘ಬ್ಯಾಗ್ ರೂಮ್’ ಆಯಿತು. ತಿಂಗಳಿಗೆ ತೊಂಬತ್ತು ಚೀಲ. ಗೋಡೆಯುದ್ದಕ್ಕೂ ರಟ್ಟಿನ ಪೆಟ್ಟಿಗೆ. ಒಂದು ದಿನ ನಾನೇ ಬಾಗಿಲ ಸಂದಿಯಿಂದ ನೋಡಿದೆ. ಭಾವ ಫ್ಯಾನ್ ಆರಿಸಿದರು. ಕಿಟಕಿ ಮುಚ್ಚಿದರು. ಮೇಜು ಒರೆಸಿದರು. ಮಾಸ್ಕ್ ಹಾಕಿ, ವಾಚು, ಮದುವೆಯುಂಗುರ, ನವರತ್ನದುಂಗುರ ಎಲ್ಲ ಬಿಚ್ಚಿಟ್ಟರು. ಸೋಪು ಹಚ್ಚಿ ಬೆರಳ ಸಂದು, ಉಗುರ ಬುಡ, ಮಣಿಕಟ್ಟು ಒಂದೊಂದೇ ಉಜ್ಜಿದರು. ಮೊಣಕೈಯಲ್ಲಿ ನಲ್ಲಿ ನಿಲ್ಲಿಸಿದರು. ಕೈ ಪೂರ್ತಿ ಒಣಗುವ ತನಕ ಒರೆಸಿದರು. ಚೀಲದ ತಾರೀಕು ನೋಡಿ, ಹಿಂಡಿ ಸೋರುತ್ತದೆಯೇ ಎಂದು ಪರೀಕ್ಷಿಸಿ, ಸ್ಟ್ಯಾಂಡಿಗೆ ನೇತುಹಾಕಿದರು. ಆಮೇಲೆ ಟ್ಯೂಬಿನ ಕ್ಯಾಪು ತಿರುಗಿಸಿ ತೆಗೆದು, ಚೀಲದ ಕೊಂಡಿಗೆ ಸೇರಿಸಿದರು. ಆ ಮೂರ್ನಾಲ್ಕು ಸೆಕೆಂಡು ತುದಿ ಬೆರಳಿಗೆ, ಬಟ್ಟೆಗೆ, ಮೇಜಿಗೆ ಯಾವುದಕ್ಕೂ ತಾಗುವಂತಿಲ್ಲ. ಒಳಗಿನದು ಕೆಳಗಿನ ಖಾಲಿ ಚೀಲಕ್ಕೆ ಇಳಿಯಿತು. ಹೊಸ ನೀರನ್ನು ಮೊದಲು ಒಂದಿಷ್ಟು ಕೆಳಕ್ಕೇ ಹರಿಸಿ ಕೊಳವೆ ತೊಳೆದು, ಬಳಿಕ ಹೊಟ್ಟೆಗೆ ಬಿಟ್ಟರು. ಕೊನೆಗೆ ಅಯೋಡಿನ್ ಅದ್ದಿದ ಹೊಸ ಕ್ಯಾಪು. ಇಡೀ ಶಾಸ್ತ್ರಕ್ಕೆ ಮುಕ್ಕಾಲು ಗಂಟೆ. ನಮ್ಮ ಪುರೋಹಿತರು ಇಷ್ಟು ಶ್ರದ್ಧೆಯಿಂದ ಆಚಮನ ಮಾಡಿದ್ದನ್ನು ನಾನು ಕಂಡಿಲ್ಲ.

ಈ ನಾಜೂಕು ಸುಮ್ಮನೆ ಬಂದದ್ದಲ್ಲ. 1923ರಲ್ಲಿ ಜರ್ಮನಿಯ ಗಾಂಟರ್ ಎಂಬ ವೈದ್ಯ ಮನುಷ್ಯನ ಹೊಟ್ಟೆಯಲ್ಲಿ ಇದನ್ನು ಮೊದಲು ಮಾಡಿ ನೋಡಿದ. ಮುಂದಿನ ಹತ್ತಾರು ವರ್ಷ ಇದಕ್ಕೆ ಅಡ್ಡ ನಿಂತದ್ದು ಸೋಂಕೇ. 1968ರಲ್ಲಿ ಸಿಯಾಟಲ್‌ನ ಟೆಂಕಾಫ್ ಎರಡು ಪಟ್ಟಿಯ ಮೆದು ಟ್ಯೂಬು ತಂದ. ಚರ್ಮದಡಿಯ ಊತಕ ಆ ಪಟ್ಟಿಯೊಳಗೆ ಬೆಳೆದು ಕ್ರಿಮಿಗೆ ಬೇಲಿ ಹಾಕುತ್ತದೆ. 1976ರಲ್ಲಿ ಟೆಕ್ಸಾಸ್‌ನ ಪೊಪೊವಿಚ್ ಎಂಬ ಇಂಜಿನಿಯರ್, ಮಾಂಕ್ರಿಫ್ ಎಂಬ ವೈದ್ಯ ಸೇರಿ ಮನೆಯಲ್ಲೇ ದಿನವಿಡೀ ನಡೆಯುವ ಈಗಿನ ಕ್ರಮವನ್ನು ಮುಂದಿಟ್ಟಾಗ ಸಮ್ಮೇಳನವೊಂದು ಅವರ ಪ್ರಬಂಧವನ್ನೇ ತಿರಸ್ಕರಿಸಿತು. ಆಗ ದ್ರವ ಬರುತ್ತಿದ್ದದ್ದು ಗಾಜಿನ ಬಾಟಲಿಯಲ್ಲಿ. ಬಾಟಲಿ ಬದಲಿಸಿದಷ್ಟು ಸಲ ಕ್ರಿಮಿಗೆ ಆಹ್ವಾನ. ಟೊರಾಂಟೊದ ಒರಿಯೊಪೌಲಸ್ ಪ್ಲಾಸ್ಟಿಕ್ ಚೀಲಕ್ಕೆ ಬದಲಾದರು. ಇಟಲಿಯವರು ‘ತುಂಬುವ ಮೊದಲು ತೊಳೆ’ ಎಂಬ ಕೊಳವೆ ಕಂಡುಹಿಡಿದರು. ಹೀಗೆ ಮೂರ್ನಾಲ್ಕು ದೇಶದ ಬುದ್ಧಿವಂತರು ಅರ್ಧ ಶತಮಾನ ತಲೆ ಕೆಡಿಸಿಕೊಂಡು ಆ ತುದಿಯನ್ನು ಕಾಪಾಡಿದರು. ಅವರು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟದ್ದು ನಮ್ಮ ನೆಂಟರನ್ನು.

ಮೊದಲು ಬಂದವರು ಬನಶಂಕರಿಯ ದೊಡ್ಡಮ್ಮ. ಶುಕ್ರವಾರ ರಾಹುಕಾಲದಲ್ಲಿ ದೇವಸ್ಥಾನದಲ್ಲಿ ನಿಂಬೆಹಣ್ಣಿನ ದೀಪ ಹಚ್ಚಿ, ಕುಂಕುಮ ಪ್ರಸಾದದೊಂದಿಗೆ ನೇರ ಬ್ಯಾಗ್ ರೂಮಿಗೆ ನುಗ್ಗಿದರು. “ಟ್ಯೂಬು ಹೊರಟಿರೋ ಜಾಗಕ್ಕೆ ಒಂದು ಚಿಟಿಕೆ ಇಡ್ತೀನಿ ಕಣೋ, ತಾಯಿ ಕಾಯ್ತಾಳೆ.” ಭಾವ ಅಂಗಿ ಹಿಡಿದುಕೊಂಡು ಗೋಡೆಗೆ ಒರಗಿದರು. ಆ ಜಾಗಕ್ಕೆ ದಿನಾ ಹಚ್ಚಬೇಕಾದದ್ದು ಡಾಕ್ಟರು ಬರೆದ ಆಂಟಿಬಯಾಟಿಕ್ ಮುಲಾಮು. ದೊಡ್ಡಮ್ಮ ಬೇಸರಪಟ್ಟು ಅರಿಸಿನದ ಸಂಧಾನಕ್ಕೆ ಇಳಿದರು. ಅದೂ ಆಗಲ್ಲ ಎಂದಾಗ ತೀರ್ಪು ಬಂತು: “ಇಂಗ್ಲಿಷ್ ಔಷಧಿ ತಲೆಗೆ ಏರಿದೆ.”

ಎರಡನೆಯವರು ಜಯನಗರ ನಾಲ್ಕನೇ ಬ್ಲಾಕಿನ ಚಿಕ್ಕಪ್ಪ. ಭಾವ ಮಾಸ್ಕ್ ಹಾಕಿದ್ದು ಕಂಡು, “ಕೋವಿಡ್ ಮುಗೀತಲ್ಲೋ, ಇನ್ನೂ ಯಾಕೆ?” ಎಂದು ನಕ್ಕು, ಸೆಕೆ ಎಂದು ಫ್ಯಾನಿನ ಸ್ವಿಚ್ಚು ಒತ್ತಿದರು. ಆ ಗಳಿಗೆಗೆ ಸರಿಯಾಗಿ ಕರೆಂಟು ಹೋಯಿತು. ಬೆಸ್ಕಾಂ ಸೋಂಕು ನಿಯಂತ್ರಣಕ್ಕೆ ನೀಡುತ್ತಿರುವ ಕೊಡುಗೆಯನ್ನು ಯಾರೂ ದಾಖಲಿಸಿಲ್ಲ, ನಾನು ದಾಖಲಿಸುತ್ತಿದ್ದೇನೆ.

ಮೂರನೆಯದು ಭಾವನ ಮಗಳು ಬಿ.ಟಿ.ಎಂ.ನಿಂದ ತಂದ ಬೆಕ್ಕು. ಮಗಳು ಊರಿಗೆ ಹೋಗಬೇಕು, ನಾಲ್ಕು ದಿನ ಇಟ್ಟುಕೊಳ್ಳಿ ಎಂದಳು. ಬೆಕ್ಕಿಗೆ ನೇತಾಡುವ ಮೆದು ಕೊಳವೆ ಕಂಡರೆ ಏನಾಗುತ್ತದೆ ಎಂದು ಬೆಕ್ಕು ಸಾಕಿದವರಿಗೆ ಗೊತ್ತು. ಹಲ್ಲು ತಾಗಿದ ಒಂದು ತೂತಿನಿಂದ ಬೆಕ್ಕಿನ ಬಾಯಿಯ ಕ್ರಿಮಿ ನೇರ ಹೊಟ್ಟೆ ಸೇರಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬೇಕಾದಷ್ಟಿವೆ. ಸಾಕುಪ್ರಾಣಿ ಆ ಕೋಣೆಗೆ ಕಾಲಿಡಬಾರದೆಂದು ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತದೆ. ಬೆಕ್ಕನ್ನು ಹೊರಗಿಡುವುದಕ್ಕೆ ಮಾತ್ರ ಅತ್ತೆಯ ಬೆಂಬಲ ತಕ್ಷಣ ಸಿಕ್ಕಿತು. ಬೆಕ್ಕು ಒಳಗೆ ಬಂದರೆ ಮೈಲಿಗೆ.

ಅತ್ತೆಯ ವಿಷಯಕ್ಕೆ ಬಂದರೆ, ಅವರ ಮಡಿ ಟ್ಯೂಬಿನಿಂದ ಮೂರು ಮಾರು ದೂರ ನಿಂತಿತ್ತು. ಮಗನ ಹೊಟ್ಟೆಯಿಂದ ಬಂದ ನೀರು ಮೈಲಿಗೆ, ಆ ಚೀಲ ಮೈಲಿಗೆ, ಚೀಲ ಎಸೆಯುವವಳು ಮೊದಲೇ ಮೈಲಿಗೆ. ಮಗನ ತಟ್ಟೆಯನ್ನೂ ಬೇರೆ ಮಾಡಿದರು. ಆದರೆ ಕೈ ತೊಳೆಯದೆ ಬ್ಯಾಗ್ ರೂಮಿಗೆ ಬಂದು ಮಗನ ತಲೆ ಸವರಿ ಹೋಗುವುದು ಮಮತೆ. ಚೀಲ ಬೆಚ್ಚಗಿರಬೇಕು ಎಂದು ಕೇಳಿ ಒಂದು ದಿನ ಅದನ್ನು ಸ್ನಾನದ ಬಿಸಿನೀರಿನ ಬಕೆಟ್ಟಿನಲ್ಲಿ ಮುಳುಗಿಸಿಟ್ಟರು. ಒಣ ಶಾಖವೇ ಆಗಬೇಕು, ನೀರಿನಲ್ಲಿ ಮುಳುಗಿಸಿದರೆ ಕೊಂಡಿಯ ಸಂದಿಗೆ ಕ್ರಿಮಿ ಸೇರುತ್ತದೆ ಎಂದು ಅಕ್ಕ ಹೇಳಿದರೆ, “ಕುದಿಸಿದ ನೀರು ಕಣೇ, ಮಡಿನೀರು,” ಎಂದರು.

ಇನ್ನು ಮೊಟ್ಟೆ. ಚೀಲ ಬದಲಿಸಿದಾಗಲೆಲ್ಲ ಕಸರಿನ ಜೊತೆ ಮೈಯ ಪ್ರೋಟೀನೂ ಹೊರಗೆ ಹೋಗುತ್ತದೆ. ರಕ್ತದಲ್ಲಿ ಅಲ್ಬುಮಿನ್ ಇಳಿದವರಿಗೆ ಸೋಂಕಿನ ಭಯ ಹೆಚ್ಚು. ಡಯಟಿಷಿಯನ್ ಚೀಟಿಯಲ್ಲಿ ಬರೆದರು: ದಿನಕ್ಕೆ ಎರಡು ಮೊಟ್ಟೆಯ ಬಿಳಿ. ಆ ಚೀಟಿಯನ್ನು ಅಕ್ಕ ಆಧಾರ್ ಕಾರ್ಡಿಗಿಂತ ಜೋಪಾನವಾಗಿ ಬಚ್ಚಿಟ್ಟಳು. ಕಾರ್ ಶೆಡ್ಡಿನಲ್ಲಿ ಇಂಡಕ್ಷನ್ ಸ್ಟವ್ ಇಟ್ಟು ‘ಔಷಧಿ’ ಬೇಯಿಸಲಾಯಿತು. ಅಂಗಡಿಯವನು ಕರಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೊಟ್ಟ. ಈ ನಗರದಲ್ಲಿ ವಿಸ್ಕಿಗೂ ಸ್ಯಾನಿಟರಿ ಪ್ಯಾಡಿಗೂ ಕೋಳಿಮೊಟ್ಟೆಗೂ ಒಂದೇ ಸಮವಸ್ತ್ರ. ಇಡೀ ಬಳಗದಲ್ಲಿ ಒಬ್ಬರೇ ಒಬ್ಬರು ಉಪಯೋಗದ ಪ್ರಶ್ನೆ ಕೇಳಿದ್ದು: ಬೆಳಗಾದರೆ ಎಲ್ಲರನ್ನೂ “ಮೋಷನ್ ಆಯ್ತಾ?” ಎನ್ನುವ ನಮ್ಮ ಮಾವ. ಮಲಬದ್ಧತೆಯಾದರೆ ಕರುಳಿನ ಕ್ರಿಮಿ ಗೋಡೆ ದಾಟಿ ಪೊರೆ ಸೇರುವ ಅಪಾಯವಿದೆಯೆಂದು ನರ್ಸೂ ಹೇಳಿದ್ದರು. ನಲವತ್ತು ವರ್ಷ ನಾವು ನಕ್ಕ ಪ್ರಶ್ನೆ ಕೊನೆಗೂ ವೈಜ್ಞಾನಿಕವಾಯಿತು.

ಅಷ್ಟರಲ್ಲಿ 2024ರ ಬೇಸಿಗೆ ಬಂತು. ಬೋರ್‌ವೆಲ್ಲುಗಳು ಒಂದೊಂದಾಗಿ ಕೈಯೆತ್ತಿದವು. ತಮ್ಮ ಮನೆಯ ಬೋರ್‌ವೆಲ್ಲೇ ಬತ್ತಿದೆ ಎಂದು ಉಪಮುಖ್ಯಮಂತ್ರಿಗಳೇ ಹೇಳಿದರು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ ₹5,000 ದಂಡ ಎಂದು ಮಾರ್ಚ್‌ನಲ್ಲಿ ಜಲಮಂಡಳಿ ಆದೇಶ ಹೊರಡಿಸಿತು. ನಮ್ಮ ಬೀದಿಯಲ್ಲಿ ಕಾರುಗಳು ಎಂದಿನಂತೆ ಮಿಂಚುತ್ತಿದ್ದವು. ತೊಳೆಯುವ ವೇಳೆ ಮಾತ್ರ ಬೆಳಗಿನ ಐದಕ್ಕೆ ಬದಲಾಗಿತ್ತು. ಟ್ಯಾಂಕರಿನವನ ಫೋನಿಗೆ ಮಂತ್ರಿಗಳ ಫೋನಿಗಿಂತ ಹೆಚ್ಚು ಕರೆ. ಆಸ್ಪತ್ರೆ ಯಂತ್ರದ ಡಯಾಲಿಸಿಸ್ಸಿಗೆ ಒಂದು ಸಲಕ್ಕೆ ನೂರಿಪ್ಪತ್ತು ಲೀಟರಿಗೂ ಮೀರಿದ ಶುದ್ಧ ನೀರು ಬೇಕು. ಭಾವನಿಗೆ ಬೇಕಾದದ್ದು ದಿನಕ್ಕೆ ಮೂರು ಸಲ ಕೈ ತೊಳೆಯುವ ಮೂರು ಚೊಂಬು, ಅದೂ ಹರಿಯುವ ನಲ್ಲಿಯಲ್ಲಿ. ಒಂದು ಭಾನುವಾರ ಅದೂ ಇರಲಿಲ್ಲ. ಬಕೆಟ್ಟಿನಿಂದ ಚೊಂಬಿನಲ್ಲಿ ಮೊಗೆದು, ಬಾಗಿ, ಒಂದು ಕೈಯಿಂದ ಇನ್ನೊಂದಕ್ಕೆ ಸುರಿದುಕೊಂಡರು. ತೊಳೆದ ಕೈಯಲ್ಲೇ ಚೊಂಬು ಇಳಿಸಿದರು.

ಕ್ಯಾಪು ತೆಗೆದ ಗಳಿಗೆಯಲ್ಲಿ ಫೋನ್ ಹೊಡೆದುಕೊಂಡಿತು. ಆಸ್ಪತ್ರೆಯದಿರಬಹುದೆಂದು ಭಾವ ಎಡಗೈಯಲ್ಲಿ ಎತ್ತಿದರು. ಕರೆ ಆಸ್ಪತ್ರೆಯದಲ್ಲ. “ಹೇಗಿದ್ದೀರಿ ಭಾವ? ಇನ್ಫೆಕ್ಷನ್ ಆಗದ ಹಾಗೆ ಜೋಪಾನ,” ಎಂದು ಹೇಳಲು ವಿಡಿಯೋ ಕಾಲ್ ಮಾಡಿದ ಮಹಾನುಭಾವ ನಾನೇ.

ಮಂಗಳವಾರ ಬೆಳಗ್ಗೆ ಹೊಟ್ಟೆ ಹಿಂಡಿತು. ಹೊರಬಂದ ನೀರನ್ನು ಪರೀಕ್ಷಿಸಲು ನರ್ಸ್ ಹೇಳಿಕೊಟ್ಟ ಉಪಾಯ ಬಹಳ ಸರಳ. ತುಂಬಿದ ಚೀಲವನ್ನು ದಿನಪತ್ರಿಕೆಯ ಮೇಲಿಡಿ. ಅಕ್ಷರ ಓದಲು ಬಂದರೆ ಸರಿ, ಮಸುಕಾದರೆ ಆಸ್ಪತ್ರೆಗೆ ಓಡಿ. (ಅಕ್ಷರ ಸ್ಪಷ್ಟ ಕಂಡೂ ಸುದ್ದಿ ಅರ್ಥವಾಗದಿದ್ದರೆ ಗಾಬರಿ ಬೇಡ, ಅದು ರಾಜಕೀಯ ಪುಟ.) ಭಾವನ ಕಣ್ಣಿಗೆ ಪೊರೆ ಬಂದು ಒಂದು ವರ್ಷವಾಗಿತ್ತು. ಚೀಲ ಬಚ್ಚಲಿಗೆ ಒಯ್ದು ಖಾಲಿ ಮಾಡುವುದು ಪಾತ್ರೆ ತೊಳೆಯುವ ಹೆಣ್ಣುಮಗಳ ಕೆಲಸ. ಆಕೆ ಚೀಲವನ್ನು ಬೆಳಕಿಗೆ ಹಿಡಿದು ಹೊಸ್ತಿಲಾಚೆಯಿಂದಲೇ ಕೂಗಿದಳು: “ಅಮ್ಮೋರೇ, ಇವತ್ತು ನೀರು ಅಕ್ಕಿ ತೊಳ್ದಂಗೈತೆ. ಚೆಲ್ಲಾಕಿಲ್ಲ ನಾನು, ಡಾಕ್ಟ್ರಿಗೆ ತೋರ್ಸಿ.”

ಅದೇ ಹೊತ್ತಿಗೆ ಕುಟುಂಬದ ವಾಟ್ಸ್ಯಾಪ್ ಗುಂಪಿನಲ್ಲಿ ಚರ್ಚಾಗೋಷ್ಠಿ ನಡೆದಿತ್ತು. ಹೊಟ್ಟೆನೋವಿಗೆ ಜೀರಿಗೆ ಕಷಾಯ ಎಂದು ಒಬ್ಬರು, ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಐದು ದಿನದ ಆಂಟಿಬಯಾಟಿಕ್ ಕೊಡುತ್ತಾರೆ ಎಂದು ಇನ್ನೊಬ್ಬರು. ಹೀಗೆ ಕಂಡಾಪಟ್ಟೆ ನುಂಗಿದ ಆಂಟಿಬಯಾಟಿಕ್ಕೇ ಹೊಟ್ಟೆಯೊಳಗೆ ಶಿಲೀಂಧ್ರಕ್ಕೆ ದಾರಿ ಮಾಡಿಕೊಡುತ್ತದೆ. ಶಿಲೀಂಧ್ರ ಹಿಡಿದರೆ ಟ್ಯೂಬನ್ನು ತಕ್ಷಣ ಕೀಳದೆ ಗತಿಯಿಲ್ಲ. ಅಮೆರಿಕದ ತಮ್ಮ ಕೈಮುಗಿದ ಎಮೋಜಿ ಹಾಕಿದ. ಹತ್ತಿರದ ಆಸ್ಪತ್ರೆಯೊಂದರ ತುರ್ತು ವಿಭಾಗದಲ್ಲಿ ಕೂತಿದ್ದ ಎಳೆಯ ಡಾಕ್ಟರು ಬೆಂಗಳೂರಿನ ರಾಷ್ಟ್ರೀಯ ಕಾಯಿಲೆಯನ್ನು ಪತ್ತೆಹಚ್ಚಿದರು: ಗ್ಯಾಸ್ಟ್ರಿಕ್. ಇಂಜೆಕ್ಷನ್ ಬರೆದರು. ಅಕ್ಕ ಮಸುಕು ಚೀಲವನ್ನು ಮೇಜಿನ ಮೇಲಿಟ್ಟಳು. “ಯೂರಿನ್ ಯಾಕೆ ತಂದ್ರಿ?” ಎಂದು ಕೇಳಿದರು.

ಪಿ.ಡಿ. ನರ್ಸ್ ಫೋನಿನಲ್ಲಿ ಸಿಕ್ಕದಿದ್ದರೆ ಈ ಬರಹ ವ್ಯಂಗ್ಯವಾಗಿ ಉಳಿಯುತ್ತಿರಲಿಲ್ಲ. ಆಕೆ ಹೇಳಿದ ಆಸ್ಪತ್ರೆಗೆ ಚೀಲ ಸಮೇತ ಹೋದರು. ಒಂದು ಮೈಕ್ರೋಲೀಟರ್‌ನಲ್ಲಿ ನೂರಕ್ಕಿಂತ ಹೆಚ್ಚು ಬಿಳಿ ರಕ್ತಕಣ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನ್ಯೂಟ್ರೊಫಿಲ್ ಇದ್ದರೆ ಪೆರಿಟೊನೈಟಿಸ್ ಎಂದೇ ಲೆಕ್ಕ. ಭಾವನದು ಅದರ ಎಷ್ಟೋ ಪಟ್ಟು. ಕಲ್ಚರಿಗೆ ಮಾದರಿ ತೆಗೆದು, ವರದಿಗೆ ಕಾಯದೆ, ಆಂಟಿಬಯಾಟಿಕ್ಕನ್ನು ಚೀಲಕ್ಕೇ ಬೆರೆಸಿ ಹೊಟ್ಟೆಗೆ ಬಿಟ್ಟರು. ಮೂರನೇ ದಿನ ಬಂದ ವರದಿಯಲ್ಲಿ ಇದ್ದದ್ದು ಚರ್ಮದ ಮೇಲೆ ಸದಾ ಇರುವ ಬಡಪಾಯಿ ಸ್ಟೆಫಿಲೋಕಾಕಸ್. ಬೆರಳಿನಿಂದ ಬಂದದ್ದು. ಐದು ದಿನದಲ್ಲಿ ನೀರು ತಿಳಿಯಾಗದಿದ್ದರೆ ಟ್ಯೂಬು ತೆಗೆಯುವ ಮಾತು ಬರುತ್ತಿತ್ತು. ನಾಲ್ಕನೇ ದಿನ ಚೀಲದಡಿ ಶೀರ್ಷಿಕೆ ಓದಲು ಬಂತು. ಚುನಾವಣೆಯ ಸುದ್ದಿ. ಅಷ್ಟು ಸಂತೋಷದಿಂದ ಅಂಥ ಸುದ್ದಿಯನ್ನು ಯಾರೂ ಓದಿರಲಾರರು.

ಮನೆಗೆ ಬಂದ ಭಾವನಿಗೆ ನೆಂಟರದು ಒಂದೇ ಪ್ರಶ್ನೆ: “ಕೈ ಸರಿಯಾಗಿ ತೊಳೀಲಿಲ್ವಾ?” ದೊಡ್ಡಮ್ಮ ಕೇಳಿದರು, ಚಿಕ್ಕಪ್ಪ ಕೇಳಿದರು, ಕಾರು ತೊಳೆಸುವ ಪಕ್ಕದ ಮನೆಯವರೂ ಕೇಳಿದರು. ವರ್ಷಕ್ಕೆ ಒಬ್ಬ ರೋಗಿಗೆ 0.4ಕ್ಕಿಂತ ಹೆಚ್ಚು ಸೋಂಕು ಆಗಬಾರದು, ಅಂದರೆ ಎರಡೂವರೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚಾಗಬಾರದು ಎನ್ನುತ್ತದೆ 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ. ಆದರೆ ಗಮನಿಸಿ, ಆ ಅಂಕೆ ಅಳೆಯುವುದು ಚಿಕಿತ್ಸಾ ಕೇಂದ್ರವನ್ನು, ರೋಗಿಯ ಚಾರಿತ್ರ್ಯವನ್ನಲ್ಲ. ಎಷ್ಟು ದಿನ ತರಬೇತಿ ಕೊಟ್ಟಿರಿ, ಮನೆಗೆ ಹೋಗಿ ನೋಡಿದಿರಾ, ಸೋಂಕಾದ ಮೇಲೆ ಮತ್ತೆ ಕಲಿಸಿದಿರಾ ಎಂದು ಅದು ಆಸ್ಪತ್ರೆಯನ್ನು ಕೇಳುತ್ತದೆ. ನಮ್ಮಲ್ಲಿ ಚೀಲ ಮನೆಗೆ ಬರುತ್ತದೆ, ಬಿಲ್ಲು ಮನೆಗೆ ಬರುತ್ತದೆ, ಕಲಿಸುವವರು ಮಾತ್ರ ಬರುವುದು ಕಷ್ಟ.

ಸರ್ಕಾರವೂ ಇದರಲ್ಲಿ ಹಿಂದೆ ಬಿದ್ದಿಲ್ಲ. 2016ರ ಬಜೆಟ್ಟಿನಲ್ಲಿ ಅರುಣ್ ಜೇಟ್ಲಿ, ದೇಶದಲ್ಲಿ ವರ್ಷಕ್ಕೆ 2.2 ಲಕ್ಷ ಹೊಸ ಕಿಡ್ನಿ ವೈಫಲ್ಯದ ರೋಗಿಗಳು ಎಂದು ಹೇಳಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಿಸಿದರು. ಜಿಲ್ಲಾಸ್ಪತ್ರೆಗಳಿಗೆ ಯಂತ್ರ ಬಂತು, ಬಡವರಿಗೆ ನಿಜಕ್ಕೂ ಉಪಕಾರವಾಯಿತು. ಯಂತ್ರವೇ ಬೇಡದ ಪಿ.ಡಿ. ಆ ಕಾರ್ಯಕ್ರಮದ ಮಾರ್ಗಸೂಚಿಗೆ ಬರಲು 2019 ಆಗಬೇಕಾಯಿತು. ಕಾರಣ ಊಹಿಸುವುದು ಕಷ್ಟವಲ್ಲ. ಯಂತ್ರಕ್ಕೆ ಟೇಪು ಕತ್ತರಿಸಬಹುದು, ಶಾಸಕರ ಹೆಸರಿನ ಕಲ್ಲು ನಿಲ್ಲಿಸಬಹುದು. ಒಬ್ಬ ಮನುಷ್ಯ ಮಹಡಿಯ ರೂಮಿನಲ್ಲಿ ಫ್ಯಾನ್ ಆರಿಸಿ ಕೈ ತೊಳೆಯುವುದನ್ನು ಯಾವ ಮಂತ್ರಿ ಉದ್ಘಾಟಿಸುತ್ತಾನೆ?

ಕೊನೆಗೆ ಆ ಮನೆಯಲ್ಲಿ ಕ್ರಾಂತಿ ಮಾಡಿದ್ದು ಮಾರ್ಗಸೂಚಿಯಲ್ಲ. ನರ್ಸ್ ಮರುತರಬೇತಿಗೆ ಮನೆಗೇ ಬಂದಿದ್ದರು. ಬ್ಯಾಕ್ಟೀರಿಯಾ, ಸ್ಟೆರೈಲ್, ಫಂಗಸ್ ಎಂದು ಅರ್ಧ ಗಂಟೆ ವಿವರಿಸಿದರು. ಅತ್ತೆ ದೇವರ ದೀಪದ ಬತ್ತಿ ಹೊಸೆಯುತ್ತ ಕೂತಿದ್ದರು. ಅಕ್ಕ ಬೇಸತ್ತು ಹೇಳಿದಳು: “ಅತ್ತೆ, ಅವರ ಹೊಟ್ಟೆ ಅಂದ್ರೆ ನಿಮ್ಮ ಉಪ್ಪಿನಕಾಯಿ ಭರಣಿ ಅಂದ್ಕೊಳ್ಳಿ. ಫಂಗಸ್ ಅಂದ್ರೆ ಬೂಷ್ಟು.”

ಅತ್ತೆಯ ಕೈ ಬತ್ತಿಯ ಮೇಲೆ ನಿಂತಿತು. “ಅದನ್ನ ಮೊದಲೇ ಹೇಳೋದಲ್ವೇನೇ? ಒದ್ದೆ ಕೈ ಹಾಕಿದ್ರೆ ಕೆಡದೆ ಇರುತ್ತಾ?”

ಅಂದಿನಿಂದ ಬ್ಯಾಗ್ ರೂಮಿನ ಬಾಗಿಲಿಗೆ ಒಂದು ಕುರ್ಚಿ, ಕುರ್ಚಿಯ ಮೇಲೆ ಅತ್ತೆ. ದೊಡ್ಡಮ್ಮನ ಕುಂಕುಮ ಅಲ್ಲೇ ನಿಂತಿತು. ಚಿಕ್ಕಪ್ಪ ಕೆಳಗೆ ಕೂತು ಕಾಫಿ ಕುಡಿದರು. ಯಾರದೋ ಕುಂಭಮೇಳದ ತೀರ್ಥದ ಬಾಟಲಿ 2025ರ ಫೆಬ್ರುವರಿಯಲ್ಲಿ ಬಂದಾಗ ಅದು ನೇರ ತುಳಸಿಗೆ ಹೋಯಿತು. ನಾನು ಹೋದ ದಿನ ನನ್ನ ಫೋನು ಹೊಸ್ತಿಲಲ್ಲೇ ಜಪ್ತಿ. ಪಾತ್ರೆ ತೊಳೆಯುವ ಹೆಣ್ಣುಮಗಳಿಗೆ ಆ ಕೋಣೆಯೊಳಗೆ ಪ್ರವೇಶ ಸಿಕ್ಕಿದೆ. ಎರಡೂ ಕೈ ತೊಳೆದು ಒಣಗಿಸುವುದರಲ್ಲಿ ಮನೆಯಲ್ಲಿ ಆಕೆಯನ್ನು ಮೀರಿಸಿದವರಿಲ್ಲ ಎಂದು ಅತ್ತೆಯದೇ ಸರ್ಟಿಫಿಕೇಟು. ಅಡುಗೆಮನೆಯ ಹೊಸ್ತಿಲು ಮಾತ್ರ ಇನ್ನೂ ಇದ್ದಲ್ಲೇ ಇದೆ. ಮಗನ ಹೊಟ್ಟೆಯನ್ನು ಆಕೆಯ ಕೈಗೆ ಕೊಡಬಹುದು, ಸಾರಿನ ಪಾತ್ರೆಯನ್ನು ಕೊಡಲಾಗದು. ಎಲ್ಲ ಸೋಂಕಿಗೂ ಎರಡು ವಾರದ ಔಷಧಿ ಸಾಲುವುದಿಲ್ಲ.

ಓದುಗರೇ, ನಿಮ್ಮ ಬಳಗದಲ್ಲೂ ಹೊಟ್ಟೆಗೆ ಟ್ಯೂಬು ಹಾಕಿಸಿಕೊಂಡವರು ಇರಬಹುದು. ಅವರಿಂದ ನಿಮಗೆ ಏನೂ ಅಂಟುವುದಿಲ್ಲ. ಪೂಜೆಗೆ ಕರೆಯಿರಿ, ಪಕ್ಕದಲ್ಲಿ ಕೂರಿಸಿಕೊಂಡು ಊಟ ಬಡಿಸಿ. ಅವರ ಮನೆಗೆ ಹೋದಾಗ ಬ್ಯಾಗ್ ಹಾಕುವ ಹೊತ್ತಾದರೆ ಎದ್ದು ಆಚೆ ಬನ್ನಿ, ಫ್ಯಾನ್ ಮುಟ್ಟಬೇಡಿ, ಫೋನ್ ಮಾಡಬೇಡಿ. ಚೀಲದ ನೀರು ಮಸುಕಾಗಿದೆ ಎಂದರೆ ಕಷಾಯ ಹೇಳಬೇಡಿ, ಚೀಲದ ಸಮೇತ ಅವರನ್ನು ಕಿಡ್ನಿ ಡಾಕ್ಟರ ಬಳಿಗೆ ಕರೆದೊಯ್ಯಿರಿ. ಮಡಿ ಬೇಕೇ ಬೇಕೆನ್ನುವವರು ಆ ಅರ್ಧ ಇಂಚಿಗೆ ಮಾಡಿ.